ಸಿ.ಡಿ. ಪ್ಲೇಯರ್: ಒಂದೇ ಪೆಟ್ಟಿಗೆಯೋ, ಬಿಡಿ ಭಾಗಗಳೋ

ಸಿ.ಡಿ. ಪ್ಲೇಯರ್ ಹೊರಗಿನಿಂದ ಒಂದೇ ಪೆಟ್ಟಿಗೆಯಾಗಿ ಕಂಡರೂ ಒಳಗೆ ಎರಡು ಯಂತ್ರಗಳಿವೆ. ಒಂದು, ತಟ್ಟೆಯನ್ನು ತಿರುಗಿಸಿ ಲೇಸರ್ ಕಿರಣದಿಂದ ಅದರ ಗುರುತುಗಳನ್ನು ಓದಿ ಅಂಕಿಗಳ ಸಾಲನ್ನು ಹೊರಗೆ ಕೊಡುವ ಭಾಗ, ಇದು ಟ್ರಾನ್ಸ್‌ಪೋರ್ಟ್. ಇನ್ನೊಂದು, ಆ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಪರಿವರ್ತಕ; ಬಳಕೆಯ ಮಾತಿನಲ್ಲಿ ಡ್ಯಾಕ್. ಎರಡೂ ಒಂದೇ ಕವಚದೊಳಗಿದ್ದರೆ ಅದು ಸಂಯುಕ್ತ ಪ್ಲೇಯರ್. ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದು ನಡುವೆ ಒಂದು ಕೇಬಲ್ ಇದ್ದರೆ ಬಿಡಿ ಜೋಡಣೆ. ಯಾವುದನ್ನು ಕೊಳ್ಳಬೇಕೆಂಬ ಚರ್ಚೆ 1980ರ ದಶಕದ ಮಧ್ಯದಿಂದ ನಡೆದಿದೆ, ಬಹುಪಾಲು ನಾದದ ಸೊಗಸಿನ ಹೆಸರಿನಲ್ಲಿ. ನಲವತ್ತು ವರ್ಷಗಳ ನಂತರ ನೋಡಿದರೆ ಆ ಚರ್ಚೆಯಲ್ಲಿ ಬದಿಗೆ ಸರಿದ ಸಂಗತಿಯೇ ಕೊಳ್ಳುವವರಿಗೆ ಹೆಚ್ಚು ಮುಖ್ಯವೆನಿಸುತ್ತದೆ: ಈ ಎರಡು ಯಂತ್ರಗಳ ಆಯುಸ್ಸು ಒಂದೇ ಅಲ್ಲ. ಓದುವ ಯಂತ್ರ ಸವೆಯುತ್ತದೆ, ಸಾಯುತ್ತದೆ. ಮಾರ್ಪಡಿಸುವ ಯಂತ್ರ ಸವೆಯುವುದು ಕಡಿಮೆ. ಅದು ಹಳತಾಗುತ್ತದೆ, ಅಷ್ಟೆ. ಹತ್ತಿಯ ನವಿರು ಹಾರಾಡುವ, ತಮಿಳುನಾಡಿನ ಅವಿನಾಶಿ–ತಿರುಪ್ಪೂರಿನಂಥ ಊರುಗಳಲ್ಲಿ ಈ ವ್ಯತ್ಯಾಸ ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ.

ತಟ್ಟೆಯಲ್ಲಿ ಇರುವುದು

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ 1980ರಲ್ಲಿ ಗೊತ್ತುಮಾಡಿದ ಕಟ್ಟಳೆ ಇಂದಿಗೂ ಬದಲಾಗಿಲ್ಲ. ತಟ್ಟೆಯ ಅಗಲ 120 ಮಿಲಿಮೀಟರ್. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಜಾಡು ಒಂದೇ. ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನ್ ಅಂತರ. ಸೆಕೆಂಡಿಗೆ 44,100 ಸಲ, ಎಡಬಲಗಳಿಗೆ ಪ್ರತ್ಯೇಕವಾಗಿ, 16 ಬಿಟ್‌ಗಳ ಅಳತೆ. ಆಗೆಲ್ಲ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆ ಉಳಿಸುತ್ತಿದ್ದರು. ವಿಡಿಯೊ ಚಿತ್ರದ ಗೆರೆಗೆ 3 ಅಳತೆ, ಫೀಲ್ಡಿಗೆ, ಅಂದರೆ ಅರ್ಧ ಚಿತ್ರಕ್ಕೆ, 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿದರೆ ಬರುವುದು ಆ ವಿಚಿತ್ರ ಸಂಖ್ಯೆ 44,100.

780 ನ್ಯಾನೊಮೀಟರ್ ತರಂಗಾಂತರದ ಅವಗೆಂಪು ಲೇಸರ್ ಈ ಜಾಡನ್ನು ಓದುತ್ತದೆ. ಜಾಡಿನ ವೇಗ ಒಂದೇ ಇರಬೇಕಾದ್ದರಿಂದ ತಟ್ಟೆ ಮೊದಲ ಹಾಡಿಗೆ ನಿಮಿಷಕ್ಕೆ ಸುಮಾರು 500 ಸುತ್ತು, ಕೊನೆಯ ಹಾಡಿಗೆ ಸುಮಾರು 200 ಸುತ್ತು ತಿರುಗುತ್ತದೆ. ಗೀರು, ಕೊಳೆಗಳಿಂದ ತಪ್ಪಿಹೋದ ಅಂಕಿಗಳನ್ನು ಲೆಕ್ಕಾಚಾರದಿಂದ ಮರಳಿ ಪಡೆಯುವ ದೋಷಪರಿಹಾರ ವ್ಯವಸ್ಥೆ ತಟ್ಟೆಯಲ್ಲಿಯೇ ಅಡಕವಾಗಿದೆ. ಜಾಡಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ತುಂಡು ಪೂರ್ತಿ ಕಾಣೆಯಾದರೂ ಮೂಲ ಅಂಕಿಗಳು ಒಂದೂ ಬಿಡದೆ ಸಿಗುತ್ತವೆ. ಅದಕ್ಕಿಂತ ದೊಡ್ಡ ಗಾಯವಾದರೆ ಪ್ಲೇಯರ್ ಅಕ್ಕಪಕ್ಕದ ಅಳತೆಗಳನ್ನು ನೋಡಿ ಅಂದಾಜು ತುಂಬುತ್ತದೆ. ಹಾಗಾಗಿ ತಟ್ಟೆ ಚೆನ್ನಾಗಿದ್ದು ಲೆನ್ಸ್ ಆರೋಗ್ಯವಾಗಿದ್ದರೆ, ಹಳೆಯ ಡಿವಿಡಿ ಪ್ಲೇಯರ್ ಓದುವ ಅಂಕಿಗಳೂ ಲಕ್ಷ ರೂಪಾಯಿಯ ಟ್ರಾನ್ಸ್‌ಪೋರ್ಟ್ ಓದುವ ಅಂಕಿಗಳೂ ಒಂದೇ. ದುಬಾರಿ ಟ್ರಾನ್ಸ್‌ಪೋರ್ಟುಗಳ ಜಾಹೀರಾತು ಬರೆಯುವವರಿಗೆ ಇದು ಇಷ್ಟವಾಗುವ ಸಂಗತಿಯಲ್ಲ.

ಬೇರ್ಪಟ್ಟ ಬಗೆ

ಸೋನಿಯ ಸಿಡಿಪಿ-101 ಪ್ಲೇಯರ್ ಜಪಾನಿನಲ್ಲಿ 1982ರ ಅಕ್ಟೋಬರ್ 1ರಂದು ಮಾರಾಟಕ್ಕೆ ಬಂತು. ಬೆಲೆ 1,68,000 ಯೆನ್. ಅದರಲ್ಲಿ ಇದ್ದುದು 16 ಬಿಟ್‌ನ ಒಂದೇ ಡ್ಯಾಕ್. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸರದಿಯ ಮೇಲೆ ದುಡಿಯುತ್ತಿತ್ತು. ಎರಡು ಬದಿಗಳ ನಡುವೆ ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ವ್ಯತ್ಯಾಸ ಉಳಿಯುತ್ತಿತ್ತು. ಫಿಲಿಪ್ಸ್ ಬಳಿ ಆಗ ಇದ್ದದ್ದು 14 ಬಿಟ್‌ನ ಡ್ಯಾಕ್ ಮಾತ್ರ. ಅವರು ಅಂಕಿಗಳ ವೇಗವನ್ನು ನಾಲ್ಕು ಪಟ್ಟು ಹೆಚ್ಚಿಸಿ, ಸೆಕೆಂಡಿಗೆ 1,76,400ಕ್ಕೆ ಒಯ್ದು, ಗದ್ದಲವನ್ನು ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ 16 ಬಿಟ್‌ನ ಫಲವನ್ನು ಪಡೆದರು. ಕೊರತೆಯಿಂದ ಹುಟ್ಟಿದ ಈ ಉಪಾಯವೇ ಮುಂದೆ ಎಲ್ಲರ ದಾರಿಯಾಯಿತು.

ಆ ಕಾಲದ ಬಹು-ಬಿಟ್ ಡ್ಯಾಕುಗಳಲ್ಲಿ ನಿಜವಾದ ದೋಷವೊಂದಿತ್ತು. ತೀರ ಸಣ್ಣ ಸದ್ದಿನಲ್ಲಿ, ಅಲೆ ಸೊನ್ನೆಯ ಆಚೀಚೆ ತೂಗುವಾಗ, ಅವುಗಳ ಹೆಜ್ಜೆಗಳು ಸಮನಾಗಿರುತ್ತಿರಲಿಲ್ಲ. ಜೋರಾದ ವಾದ್ಯಗೋಷ್ಠಿಯಲ್ಲಿ ಇದು ತಿಳಿಯದು. ಮೀಟಿದ ವೀಣೆಯ ತಂತಿ ಕ್ಷೀಣಿಸುತ್ತ ಹೋಗುವ ಕೊನೆಯ ಅರೆಕ್ಷಣ, ತಂಬೂರಿಯ ಝೇಂಕಾರ ಮಾತ್ರ ಉಳಿದ ಆಲಾಪನೆಯ ಬಿಡುವು, ಇಂಥಲ್ಲಿ ಒರಟುತನ ಕೇಳಿಸುತ್ತಿತ್ತು. ಸಿ.ಡಿ. ಕರ್ಕಶವೆಂದು ಆಗಿನ ರಸಿಕರು ದೂರಿದ್ದಕ್ಕೆ ಇಷ್ಟು ಆಧಾರವಿದೆ. ಡ್ಯಾಕ್ ವರ್ಷವರ್ಷಕ್ಕೆ ಸುಧಾರಿಸುತ್ತಿದ್ದ ಆ ಕಾಲದಲ್ಲಿ ಅದನ್ನು ಬೇರೆ ಪೆಟ್ಟಿಗೆಯಲ್ಲಿ ಇಡುವುದು ಬುದ್ಧಿವಂತಿಕೆಯೇ ಆಗಿತ್ತು. ಸೋನಿಯೂ ಇಂಗ್ಲೆಂಡಿನ ಕೇಂಬ್ರಿಡ್ಜ್ ಆಡಿಯೊ ಕಂಪನಿಯೂ 1980ರ ದಶಕದ ಮಧ್ಯದಲ್ಲೇ ಎರಡು ಪೆಟ್ಟಿಗೆಗಳ ಪ್ಲೇಯರುಗಳನ್ನು ತಂದವು. ದಶಕ ಮುಗಿಯುವ ಹೊತ್ತಿಗೆ ಆರ್ಕಾಮ್ ಕಂಪನಿಯ ಬ್ಲ್ಯಾಕ್ ಬಾಕ್ಸ್‌ನಂಥ, ಯಾರ ಪ್ಲೇಯರಿಗಾದರೂ ಜೋಡಿಸಬಹುದಾದ ಡ್ಯಾಕುಗಳು ಅಂಗಡಿಗೆ ಬಂದಿದ್ದವು.

ನಂತರ ಒಂದು ಬಿಟ್‌ನ ಡ್ಯಾಕುಗಳೂ ಡೆಲ್ಟಾ-ಸಿಗ್ಮಾ ವಿಧಾನವೂ ಬಂದು ಹೆಜ್ಜೆಯ ದೋಷವನ್ನು ಬೇರುಸಮೇತ ಕಿತ್ತವು. ಇಂದು ಹೆಡ್‌ಫೋನಿಗೆಂದು ಸಾವಿರ ರೂಪಾಯಿಯ ಆಚೀಚೆ ಸಿಗುವ ಹೆಬ್ಬೆರಳಷ್ಟು ಯುಎಸ್‌ಬಿ ತುಂಡಿನೊಳಗೂ ಪೂರ್ಣ ಡ್ಯಾಕ್ ಇದೆ. ಅಳತೆಗೆ ಇಟ್ಟರೆ 1980ರ ದಶಕದ ರಾಜವೈಭವದ ಪೆಟ್ಟಿಗೆಗಳನ್ನು ಅದು ಹಿಂದೆ ಹಾಕುತ್ತದೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಓಕದಲ್ಲಿ ಅಸಾಹಿ ಕಾಸೇ ಕಂಪನಿಯ ಡ್ಯಾಕ್ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹಲವು ತಯಾರಕರು ಬೇರೆ ಕಂಪನಿಯ ಚಿಪ್‌ಗೆ ಬದಲಾಗಬೇಕಾಯಿತು. ಅದೇ ಹೆಸರಿನ ಅದೇ ಪೆಟ್ಟಿಗೆಗಳು ಬೇರೆ ಚಿಪ್ ಹೊತ್ತು ಮಾರಾಟವಾದವು. ಚಿಪ್‌ನ ಹೆಸರು ನೋಡಿ ಡ್ಯಾಕ್ ಆರಿಸುವುದರಲ್ಲಿ ಹೆಚ್ಚು ಹುರುಳಿಲ್ಲ.

ನಡುವಿನ ಕೇಬಲ್

ಬಿಡಿ ಜೋಡಣೆಯ ವಿರುದ್ಧ ಇರುವ ಗಟ್ಟಿಯಾದ ತಾಂತ್ರಿಕ ವಾದವೆಲ್ಲ ಈ ಕೇಬಲ್‌ಗೆ ಸಂಬಂಧಿಸಿದ್ದು. ಸಂಯುಕ್ತ ಪ್ಲೇಯರಿನಲ್ಲಿ ಒಂದೇ ಗಡಿಯಾರ, ಅಂದರೆ ಸ್ಫಟಿಕದ ಆಂದೋಲಕ, ಡ್ಯಾಕ್‌ನ ಪಕ್ಕದಲ್ಲೇ ಕೂತಿರುತ್ತದೆ. ತಟ್ಟೆಯ ಮೋಟಾರು ಅದರ ಆಜ್ಞೆಯಂತೆ ತಿರುಗುತ್ತದೆ. ಎರಡು ಪೆಟ್ಟಿಗೆಗಳಾದಾಗ ಗಡಿಯಾರ ಟ್ರಾನ್ಸ್‌ಪೋರ್ಟಿನಲ್ಲಿ ಉಳಿಯುತ್ತದೆ. ಸೋನಿ-ಫಿಲಿಪ್ಸ್ ರೂಪಿಸಿದ ಎಸ್‌ಪಿಡಿಐಎಫ್ ಸಂಪರ್ಕದಲ್ಲಿ ಅಂಕಿಗಳೂ ಗಡಿಯಾರದ ಮಿಡಿತವೂ ಒಂದೇ ತಂತಿಯಲ್ಲಿ ಬೆರೆತು ಹೋಗುತ್ತವೆ. ಡ್ಯಾಕ್ ಆ ಮಿಶ್ರಣದಿಂದ ಮಿಡಿತವನ್ನು ಬಿಡಿಸಿಕೊಳ್ಳಬೇಕು. ಬಿಡಿಸುವಾಗ ಮಿಡಿತ ಒಂದಿಷ್ಟು ಹಿಂದುಮುಂದಾಗುತ್ತದೆ. ಜಿಟರ್ ಎನ್ನುವುದು ಇದನ್ನೇ.

ಎಷ್ಟು ಜಿಟರ್ ಲೆಕ್ಕಕ್ಕೆ ಬರುತ್ತದೆ? 20,000 ಹರ್ಟ್ಸ್‌ನ ಪೂರ್ಣ ಸದ್ದಿನ ಅಲೆಯಲ್ಲಿ 16ನೆಯ ಬಿಟ್ ಕೆಡದಿರಬೇಕೆಂದು ಗಣಿತ ಹಿಡಿದರೆ ಮಿತಿ ಸುಮಾರು 120 ಪಿಕೊಸೆಕೆಂಡ್. 1990ರ ದಶಕದ ಆರಂಭದಲ್ಲಿ ಇಂಥ ಲೆಕ್ಕಗಳು ಪ್ರಕಟವಾದ ಮೇಲೆ ಜಿಟರ್ ಒಂದು ಭೂತವಾಯಿತು. ಅದನ್ನು ಬಿಡಿಸುವ ಪೆಟ್ಟಿಗೆಗಳೂ ಮಾರಾಟವಾದವು. ಆದರೆ ಕಿವಿಯ ಲೆಕ್ಕವೇ ಬೇರೆ. ಡಾಲ್ಬಿ ಪ್ರಯೋಗಾಲಯದ ಎರಿಕ್ ಬೆಂಜಮಿನ್ ಮತ್ತು ಬೆಂಜಮಿನ್ ಗ್ಯಾನನ್ 1998ರಲ್ಲಿ ಕೇಳುಗರನ್ನು ಕೂರಿಸಿ ಪರೀಕ್ಷಿಸಿದಾಗ ಶುದ್ಧ ಸ್ವರದಲ್ಲಿ 10 ನ್ಯಾನೊಸೆಕೆಂಡಿನಷ್ಟು, ಸಂಗೀತದಲ್ಲಿ ಕನಿಷ್ಠ 20 ನ್ಯಾನೊಸೆಕೆಂಡಿನಷ್ಟು ಜಿಟರ್ ಸೇರಿಸಿದ ಮೇಲೆಯೇ ವ್ಯತ್ಯಾಸ ಗುರುತಿಸಲು ಆದದ್ದು. ಅಂದರೆ ಸಂಗೀತದಲ್ಲಿ ಗಣಿತದ ಮಿತಿಗಿಂತ ನೂರು ಪಟ್ಟಿಗೂ ಹೆಚ್ಚು. ಈಗಿನ ಸಾಧಾರಣ ಡ್ಯಾಕುಗಳಲ್ಲೂ ಜಿಟರ್ ಆ ಮಟ್ಟದ ಹತ್ತಿರ ಸುಳಿಯುವುದಿಲ್ಲ. ಕಂಪ್ಯೂಟರಿನಿಂದ ಯುಎಸ್‌ಬಿ ಮೂಲಕ ಬರುವ ಅಸಿಂಕ್ರನಸ್ ವಿಧಾನದಲ್ಲಂತೂ ಗಡಿಯಾರ ಡ್ಯಾಕ್‌ನೊಳಗೇ ಇದ್ದು, ಡ್ಯಾಕೇ ಅಂಕಿಗಳನ್ನು ಬೇಕಾದಾಗ ಬೇಕಾದಷ್ಟು ಕೇಳಿ ಪಡೆಯುತ್ತದೆ. ವಾದ ಅಲ್ಲಿಗೇ ಮುಗಿಯುತ್ತದೆ.

ತಾಮ್ರದ ಕೊಆಕ್ಸಿಯಲ್ ಕೇಬಲ್ (75 ಓಮ್) ಒಳ್ಳೆಯದೋ, ಆಪ್ಟಿಕಲ್ ಒಳ್ಳೆಯದೋ ಎಂಬ ಚರ್ಚೆಯೂ ಜಿಟರ್ ಸುತ್ತಲೇ ತಿರುಗಿತು. ಮನೆಯಲ್ಲಿ ನಿಜಕ್ಕೂ ಕಾಡುವುದು ಬೇರೆಯದು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಟಿ.ವಿ., ಸೆಟ್‌ಟಾಪ್ ಬಾಕ್ಸ್, ಡ್ಯಾಕ್, ಆಂಪ್ಲಿಫೈಯರ್ ಎಲ್ಲವನ್ನೂ ತಾಮ್ರದ ತಂತಿಯಿಂದ ಕಟ್ಟಿದರೆ ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಆಪ್ಟಿಕಲ್ ಕೇಬಲ್‌ನಲ್ಲಿ ಹರಿಯುವುದು ಬೆಳಕು ಮಾತ್ರವಾದ್ದರಿಂದ ಆ ದಾರಿ ಕಡಿಯುತ್ತದೆ. ಅದನ್ನು ಆರಿಸಲು ಇಷ್ಟು ಕಾರಣ ಸಾಕು.

ಇನ್ನು 16 ಬಿಟ್, 44,100 ಸಾಲದೇ ಎಂಬ ಪ್ರಶ್ನೆ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎಸ್‌ಎಸಿಡಿಯಂಥ ಉನ್ನತ ತಟ್ಟೆಗಳ ಧ್ವನಿಯನ್ನು ನೇರವಾಗಿ ಒಮ್ಮೆ, ಸಿ.ಡಿ. ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಅವಿನಾಶಿ ಸೀಮೆಯಲ್ಲಿ

1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆಯಲ್ಲಿ ದೇವಾಂಗರು, ಒಕ್ಕಲಿಗರು ಮೊದಲಾದ ಕನ್ನಡ ಮನೆಮಾತಿನ ಸಮುದಾಯಗಳು ಇಂದಿಗೂ ಇವೆ. ತಮಿಳು ಶೈವ ಕವಿ ಸುಂದರರ ತೇವಾರದಲ್ಲಿ ಸ್ತುತಿಗೊಂಡ ಅವಿನಾಶಿಯಪ್ಪನ ಊರಾದ ಅವಿನಾಶಿ ಕೊಯಮತ್ತೂರಿನಿಂದ ಸುಮಾರು 40 ಕಿಲೋಮೀಟರ್. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಅದಕ್ಕೆ ಸೇರಿತು. ಈ ಊರಿನ ಹೆಸರು ಹೊತ್ತ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಜಿ.ಡಿ. ನಾಯ್ಡು (1893–1974) ಅವರ ವಸ್ತುಸಂಗ್ರಹಾಲಯವಿದೆ. ಬಸ್ಸು, ಮೋಟಾರು, ಕ್ಷೌರದ ಬ್ಲೇಡು ಎಂದು ಕೈಯಿಟ್ಟಲ್ಲೆಲ್ಲ ಹೊಸತು ಮಾಡಿದ ನಾಯ್ಡು ಅವರ ಯು.ಎಂ.ಎಸ್. ಸಂಸ್ಥೆ ರೇಡಿಯೊಗಳನ್ನೂ ತಯಾರಿಸಿತು. ಐದು ವಾಲ್ವುಗಳ ಸೆಟ್ಟನ್ನು 70 ರೂಪಾಯಿಗೆ ಕೊಡಬಲ್ಲೆನೆಂದು ಅವರು 1940ರ ದಶಕದ ಆರಂಭದಲ್ಲೇ ಹೇಳಿದ್ದರು. ವಾಲ್ವು ರೇಡಿಯೊ ಎಂದರೆ ಸಂಯುಕ್ತ ಪೆಟ್ಟಿಗೆಯೇ: ಅಲೆ ಹಿಡಿಯುವ ಸರ್ಕ್ಯೂಟು, ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಒಂದು ಮರದ ಕವಚದಲ್ಲಿ.

ಆದರೆ ಇದೇ ಸೀಮೆಯಲ್ಲಿ ಬಿಡಿ ಜೋಡಣೆಯನ್ನು ಹೊಟ್ಟೆಪಾಡಿಗಾಗಿ ಕಲಿತವರೂ ಇದ್ದರು. ಚಿತ್ತಿರೈ ತಿಂಗಳ ತೇರಿಗೆ, ಮದುವೆಗೆ, ಮಾರಿಯಮ್ಮನ ಹಬ್ಬಕ್ಕೆ ಹಾಡು ಹಾಕುವ ಮೈಕ್ ಸೆಟ್ಟಿನವರು. ಕನ್ನಡ ನಾಡಿನ ಊರೂರಲ್ಲೂ ಇವರಿದ್ದರು. ಅವರ ಬಳಿ ಆಂಪ್ಲಿಫೈಯರ್ ಬೇರೆ, ಹಾರ್ನ್ ಬೇರೆ, ಹಾಡುವ ಯಂತ್ರ ಬೇರೆ. ಹಾಡುವ ಯಂತ್ರ ಗ್ರಾಮಫೋನಿನಿಂದ ಕ್ಯಾಸೆಟ್ ಡೆಕ್ಕಿಗೆ, ಅಲ್ಲಿಂದ ಸಿ.ಡಿ.ಗೆ, ಡಿವಿಡಿ ಪ್ಲೇಯರಿಗೆ, ಪೆನ್‌ಡ್ರೈವಿಗೆ ಬದಲಾಗುತ್ತ ಹೋಯಿತು. ಆಂಪ್ಲಿಫೈಯರ್ ಅದೇ ಉಳಿಯಿತು. ತೇರು ಹೊರಟ ಮೇಲೆ ಡೆಕ್ ಕೈಕೊಟ್ಟರೆ ಅದೊಂದನ್ನು ಕಳಚಿ ಬೇರೆ ಸಿಕ್ಕಿಸಬಹುದು. ಹೈ-ಫೈ ಪತ್ರಿಕೆಗಳು ಪುಟಗಟ್ಟಲೆ ಬರೆದ ವಾದಕ್ಕಿಂತ ಈ ವಾದ ನೇರವಾದದ್ದು.

ಮನೆಗಳಿಗೆ ಬಂದದ್ದು ಇದಕ್ಕೆ ಉಲ್ಟಾ. 1990ರ ದಶಕದಲ್ಲಿ ಆರ್ಥಿಕ ಉದಾರೀಕರಣದ ನಂತರ ಫಿಲಿಪ್ಸ್, ಸೋನಿ, ಹಾಗೂ 1963ರಲ್ಲಿ ನೆರೆಯ ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಯಾದ ಬಿಪಿಎಲ್‌ನಂಥ ಕಂಪನಿಗಳ ಸಂಗೀತ ಪೆಟ್ಟಿಗೆಗಳು ಮಧ್ಯಮ ವರ್ಗದ ನಡುಮನೆ ಸೇರಿದವು. ಸಿ.ಡಿ., ಎರಡು ಕ್ಯಾಸೆಟ್ ಡೆಕ್, ರೇಡಿಯೊ, ಆಂಪ್ಲಿಫೈಯರ್ ಎಲ್ಲ ಒಂದರಲ್ಲೇ. ಲೆನ್ಸ್ ಹೋದ ದಿನ ಇಡೀ ಪೆಟ್ಟಿಗೆ ಮೂಲೆ ಸೇರುತ್ತಿತ್ತು. ಹಿಂದೆ ‘ಆಕ್ಸ್’ ಎಂಬ ತೂತೊಂದು ಇದ್ದ ಪೆಟ್ಟಿಗೆಗಳು ಮಾತ್ರ ಮೊಬೈಲ್ ಸಿಕ್ಕಿಸಿಕೊಂಡು ಇಂದಿಗೂ ಹಾಡುತ್ತಿವೆ.

ಲೆನ್ಸ್ ಏಕೆ ಬೇಗ ಹೋಗುತ್ತದೆ? ತಿರುಪ್ಪೂರು, ಅವಿನಾಶಿ, ಪಲ್ಲಡಂ, ಸೋಮನೂರು: ನೂಲಿನ ಗಿರಣಿ, ಪವರ್‌ಲೂಮ್, ಬನಿಯನ್ ಕಾರ್ಖಾನೆಗಳ ಸಾಲು. ಗಾಳಿಯಲ್ಲಿ ಹತ್ತಿಯ ನವಿರು ಸದಾ ಇರುತ್ತದೆ. ಆಷಾಢ ಬಂತೆಂದರೆ ಪಾಲಕ್ಕಾಡು ಕಣಿವೆಯಿಂದ ನುಗ್ಗುವ ಗಾಳಿ ಅದರೊಂದಿಗೆ ದೂಳನ್ನೂ ಹೊತ್ತು ತರುತ್ತದೆ. ಟ್ರೇ ತೆರೆದಾಗಲೆಲ್ಲ ಅದರಲ್ಲಿ ಒಂದಿಷ್ಟು ಒಳಗೆ ಹೋಗಿ ಮೇಲ್ಮುಖವಾಗಿ ಕುಳಿತ ಲೆನ್ಸಿನ ಮೇಲೆ ಕೂರುತ್ತದೆ. ಲೆನ್ಸ್ ಚಲಿಸುವ ಹಳಿಯ ಗ್ರೀಸು ಈ ನವಿರನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಟ್ರೇಯ ರಬ್ಬರ್ ಬೆಲ್ಟು ಬಿಸಿಲೂರಿನ ಸೆಖೆಗೆ ಸಡಿಲವಾಗುತ್ತದೆ. ಲೇಸರ್ ಡಯೋಡು ತಾನಾಗಿ ಮಂಕಾಗುವುದು ಇವೆಲ್ಲದರ ಮೇಲೆ. ರಿಪೇರಿಯವರು ಲೆನ್ಸ್ ಹೋಗಿದೆ ಎಂದಾಗ ಎಷ್ಟೋ ಸಲ ಹೋಗಿರುವುದಿಲ್ಲ, ಕೊಳೆಯಾಗಿರುತ್ತದೆ; ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಹಳಿಗೆ ಹೊಸ ಗ್ರೀಸು ಹಚ್ಚಿದರೆ ಮತ್ತೆ ಓದುತ್ತದೆ. ನಿಜಕ್ಕೂ ಹೋಗಿದ್ದರೆ ಸೋನಿಯ ಕೆಎಸ್‌ಎಸ್-213, ಸಾನ್ಯೊದ ಎಸ್‌ಎಫ್-ಪಿ101ಎನ್ ಮೊದಲಾದ ಸಾಮಾನ್ಯ ಲೆನ್ಸುಗಳ ಪ್ರತಿಗಳನ್ನು ಚೆನ್ನೈನ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹುಡುಕಬಹುದು. ಫಿಲಿಪ್ಸಿನ ಹಳೆಯ ಸಿಡಿಎಂ ಸರಣಿಯ, ತೋಳು ತೂಗುವ ಲೆನ್ಸು ಹೊತ್ತ ಪ್ಲೇಯರುಗಳ ಸದ್ದನ್ನು ಹೊಗಳುವವರು ಬಹಳ. ಆ ಲೆನ್ಸ್ ಹೊಸದಾಗಿ ತಯಾರಾಗುತ್ತಿಲ್ಲ ಎಂಬುದನ್ನು ಹೊಗಳಿಕೆಯ ನಡುವೆ ಮರೆಯುತ್ತಾರೆ.

ಕರೆಂಟಿನದು ಇನ್ನೊಂದು ಕತೆ. 2012ರ ಸುಮಾರಿಗೆ ತಮಿಳುನಾಡಿನ ಜಿಲ್ಲೆಗಳಲ್ಲಿ ದಿನಕ್ಕೆ ಹತ್ತು ಗಂಟೆಗೂ ಮೀರಿ ವಿದ್ಯುತ್ ಕಡಿತವಿದ್ದಾಗ ಮನೆಮನೆಗೂ ಇನ್ವರ್ಟರ್ ಬಂತು. ಅಗ್ಗದ ಇನ್ವರ್ಟರ್ ಕೊಡುವ ಚೌಕದ ಅಲೆಗೆ ಸಂಯುಕ್ತ ಪ್ಲೇಯರುಗಳ ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಕರಕರ ಎನ್ನುತ್ತದೆ, ಬಿಸಿಯಾಗುತ್ತದೆ. ಮೊಬೈಲ್ ಚಾರ್ಜರಿನಂಥ ಅಡಾಪ್ಟರಿನಿಂದ 5 ವೋಲ್ಟ್ ಪಡೆಯುವ ಸಣ್ಣ ಡ್ಯಾಕಿಗೆ ಅದರ ಪರಿವೆಯಿಲ್ಲ.

ಆಯ್ಕೆ

ಕೇಳುವುದು ತಟ್ಟೆಗಳನ್ನು ಮಾತ್ರ, ಬೇರೆ ಯಾವ ಮೂಲವೂ ಬೇಡ ಎನ್ನುವವರಿಗೆ ಸಂಯುಕ್ತ ಪ್ಲೇಯರೇ ಸರಿ. ಕೇಬಲ್ ಇಲ್ಲ, ಎರಡನೆಯ ಅಡಾಪ್ಟರ್ ಇಲ್ಲ, ಗಡಿಯಾರ ಇರಬೇಕಾದ ಜಾಗದಲ್ಲೇ ಇದೆ. ಯಮಾಹಾ ಸಿಡಿ-ಎಸ್303, ಮರಾಂಟ್ಜ್ ಸಿಡಿ6007 ಬಗೆಯ ಪ್ಲೇಯರುಗಳಲ್ಲಿ ಹಿಂದೆ ಡಿಜಿಟಲ್ ಔಟ್ ಕೂಡ ಇರುವುದರಿಂದ ನಾಳೆ ಬೇಕಾದರೆ ಅದೇ ಟ್ರಾನ್ಸ್‌ಪೋರ್ಟ್ ಆಗುತ್ತದೆ. ಈ ತೂತು ಇಲ್ಲದ ಪ್ಲೇಯರನ್ನು ಕೊಳ್ಳದಿರುವುದು ಮೇಲು. ಎಸ್‌ಎಸಿಡಿ ಬೇಕಿದ್ದವರಿಗೂ ಬಹುಮಟ್ಟಿಗೆ ಒಂದೇ ಪೆಟ್ಟಿಗೆಯೇ ಗತಿ; ಅದರ ಮೂಲ ಅಂಕಿಗಳನ್ನು ಎಸ್‌ಪಿಡಿಐಎಫ್‌ನಲ್ಲಿ ಹೊರಬಿಡಲು ಕಟ್ಟಳೆ ಒಪ್ಪುವುದಿಲ್ಲ.

ಟಿ.ವಿ., ಮೊಬೈಲ್, ಕಂಪ್ಯೂಟರುಗಳೂ ಅದೇ ಸ್ಪೀಕರಿನಲ್ಲಿ ಹಾಡಬೇಕಾದ ಮನೆಗೆ ಬಿಡಿ ಡ್ಯಾಕ್ ಬೇಕು. ಟಿ.ವಿ.ಯ ಆಪ್ಟಿಕಲ್ ಔಟ್, ಕಂಪ್ಯೂಟರಿನ ಯುಎಸ್‌ಬಿ, ಹಳೆಯ ಡಿವಿಡಿ ಪ್ಲೇಯರಿನ ಕೊಆಕ್ಸಿಯಲ್ ಮೂರೂ ಒಂದೇ ಡ್ಯಾಕಿಗೆ ಬರುತ್ತವೆ. ಡಿವಿಡಿ ಪ್ಲೇಯರಿನ ಹೆಸರು ಇಲ್ಲಿ ಬರಲು ಕಾರಣವಿದೆ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದ, ನೂರು ಹಾಡು ತುಂಬಿದ ಎಂಪಿ3 ತಟ್ಟೆಗಳನ್ನು ಹಳೆಯ ಸಿ.ಡಿ. ಪ್ಲೇಯರುಗಳು ಓದುವುದಿಲ್ಲ, ಡಿವಿಡಿ ಪ್ಲೇಯರುಗಳು ಓದುತ್ತವೆ. ಟ್ರಾನ್ಸ್‌ಪೋರ್ಟ್ ಎಂಬ ಶಬ್ದ ಕೇಳದವರ ಮನೆಯಲ್ಲೂ ಅದು ಟ್ರಾನ್ಸ್‌ಪೋರ್ಟಿನ ಕೆಲಸ ಮಾಡಬಲ್ಲದು. ಕೆಲವು ಅಗ್ಗದವು 44,100ನ್ನು 48,000ಕ್ಕೆ ಬದಲಿಸಿ ಹೊರಗೆ ಕೊಡುತ್ತವೆ. ಡ್ಯಾಕಿನ ಮುಂಭಾಗದಲ್ಲಿ ವೇಗ ತೋರಿಸುವ ದೀಪವಿದ್ದರೆ ಗೊತ್ತಾಗುತ್ತದೆ. ಕಿವಿಗೆ ಗೊತ್ತಾಗುವುದು ಕಷ್ಟ.

ಹಣ ಹಂಚುವಾಗ ಡ್ಯಾಕಿಗೆ ಕಡಿಮೆ, ಓದುವ ಯಂತ್ರಕ್ಕೆ ಸ್ವಲ್ಪ ಹೆಚ್ಚು, ಉಳಿದದ್ದೆಲ್ಲ ಸ್ಪೀಕರಿಗೆ ಇಡುವುದು ಈ ಲೇಖಕನ ಅಭಿಪ್ರಾಯ. ಎರಡು ಡ್ಯಾಕುಗಳ ನಡುವೆ ಕೇಳಿಸುವ ಅಂತರಕ್ಕಿಂತ ಎರಡು ಸ್ಪೀಕರುಗಳ ನಡುವಿನ ಅಂತರ ಎಷ್ಟೋ ಪಾಲು ದೊಡ್ಡದು. ಡ್ಯಾಕುಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮನಾಗಿರಲೇಬೇಕು. ರೂಢಿಯ 2 ವೋಲ್ಟಿನ ಬದಲು ಎರಡೂವರೆ ವೋಲ್ಟು ಕೊಡುವ ಪೆಟ್ಟಿಗೆ ತುಸು ಜೋರಾಗಿ ಕೇಳುತ್ತದೆ. ಜೋರಾದದ್ದು ಚೆನ್ನಾಗಿದೆ ಎಂದು ಕಿವಿ ನಂಬುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಮೂರನೆಯ ದಾರಿಯೂ ಇದೆ: ತಟ್ಟೆಯನ್ನು ಕಂಪ್ಯೂಟರಿನಲ್ಲಿ ಒಮ್ಮೆ ಓದಿ ಉಳಿಸಿಕೊಳ್ಳುವುದು. ಒಂದು ಗಂಟೆಯ ಸಿ.ಡಿ.ಯ ಅಂಕಿಗಳು ಸುಮಾರು 635 ಎಂಬಿ. ಒಂದು ಬಿಟ್ಟೂ ಕಳೆಯದೆ ಹಿಂಡುವ ಫ್ಲ್ಯಾಕ್ ರೂಪದಲ್ಲಿ ಅರ್ಧದ ಆಸುಪಾಸಿಗೆ ಇಳಿಯುತ್ತವೆ. ಎಗ್ಸ್ಯಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶ, ಬೇರೆಯವರು ಅದೇ ತಟ್ಟೆಯಿಂದ ಓದಿದ ಅಂಕಿಗಳೊಡನೆ ತಾಳೆ ನೋಡಿ ಸರಿಯಿದೆಯೇ ಎಂದು ಹೇಳುತ್ತದೆ. ಆಮೇಲೆ ಲೆನ್ಸಿನ ಅಗತ್ಯವೇ ಇಲ್ಲ, ಡ್ಯಾಕ್ ಒಂದಿದ್ದರಾಯಿತು. ಮುಚ್ಚಿಹೋದ ಕ್ಯಾಸೆಟ್-ಸಿ.ಡಿ. ಲೇಬಲ್‌ಗಳ ಸಂಗೀತ ಕಚೇರಿಗಳು, ನಾಟಕದ ಹಾಡುಗಳು, ವಚನಗಳ ಧ್ವನಿಮುದ್ರಣಗಳು ಅಂತರ್ಜಾಲದ ಸೇವೆಗಳಲ್ಲಿ ಎಲ್ಲವೂ ಸಿಗುವುದಿಲ್ಲ. ಅಂಥ ತಟ್ಟೆಗಳಿದ್ದವರು ಪ್ಲೇಯರಿನ ಚಿಂತೆಗಿಂತ ಮೊದಲು ಈ ಕೆಲಸ ಮುಗಿಸುವುದು ಒಳಿತು. ಮನೆಯಲ್ಲಿ ಬರೆದ ಸಿಡಿ-ಆರ್ ತಟ್ಟೆಗಳಿಗೆ ಇದು ಇನ್ನೂ ತುರ್ತು, ಅವುಗಳ ಬಣ್ಣದ ಪದರ ಬಿಸಿಲು-ಸೆಖೆಗೆ ಮಾಸುತ್ತದೆ.

ಹಳೆಯ ಪ್ಲೇಯರ್ ಕೊಳ್ಳುವಾಗ

ತಟ್ಟೆ ಹಾಕಿ ಮುಚ್ಚಿದ ಮೇಲೆ ಹಾಡುಗಳ ಪಟ್ಟಿ ಓದಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಬೇಕು. ಹತ್ತು ಸೆಕೆಂಡು ದಾಟಿದರೆ ಲೆನ್ಸ್ ದಣಿದಿದೆ. ಎಪ್ಪತ್ತು ನಿಮಿಷ ಮೀರಿದ ತಟ್ಟೆಯ ಕೊನೆಯ ಹಾಡನ್ನು ಹಾಕಿಸಬೇಕು, ಏಕೆಂದರೆ ಹಳಿಯ ಹೊರತುದಿಯಲ್ಲಿ ಗ್ರೀಸು ಗಟ್ಟಿಯಾಗಿದ್ದರೆ ತೊಡಕು ತಿಳಿಯುವುದು ಅಲ್ಲೇ. ಬರೆದ ಸಿಡಿ-ಆರ್ ಒಂದನ್ನೂ ಹಾಕಿ ನೋಡಬೇಕು. ಅದು ಬೆಳಕನ್ನು ಕಡಿಮೆ ಮರಳಿಸುವುದರಿಂದ ಮಂಕಾದ ಡಯೋಡು ಮೊದಲು ಸೋಲುವುದು ಅದರ ಮೇಲೆ. ಪೆಟ್ಟಿಗೆಯನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಇದನ್ನೆಲ್ಲ ಇನ್ನೊಮ್ಮೆ ಮಾಡಬೇಕು, ಟ್ರೇಯನ್ನು ಹತ್ತಾರು ಸಲ ತೆರೆದು ಮುಚ್ಚಬೇಕು. ಇಷ್ಟರಲ್ಲಿ ಲೆನ್ಸ್ ಸೋತು ಡಿಜಿಟಲ್ ಇನ್‌ಪುಟ್ ಇರುವ ಪ್ಲೇಯರ್ ಆಗಿದ್ದರೆ, ಅರ್ಧ ಬೆಲೆಗೆ ಬರೀ ಡ್ಯಾಕ್ ಎಂದು ಕೇಳಿ ನೋಡಬಹುದು.